ಅತ್ತೆಯ ಮೂವತ್ತು ಗುಂಟೆ

ನಮ್ಮ ತಾತ ತೀರಿಕೊಂಡಿದ್ದು 1983ರಲ್ಲಿ. ಆದರೆ ಮೊನ್ನೆ ಮೊನ್ನೆಯವರೆಗೂ ಅವರು ತಪ್ಪದೆ ಕಂದಾಯ ಕಟ್ಟುತ್ತಿದ್ದರು!

ನಗಬೇಡಿ. ಕುಣಿಗಲ್ ತಾಲೂಕು ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮದು ಎರಡು ಎಕರೆ ಹತ್ತು ಗುಂಟೆ ಹೊಲ ಇದೆ. ಅದರ ಪಹಣಿ ತೆಗೆಸಿದರೆ ಖಾತೆದಾರರ ಕಾಲಮ್ಮಿನಲ್ಲಿ ತಾತನ ಹೆಸರು. ಕಂದಾಯದ ರಸೀದಿಯೂ ತಾತನ ಹೆಸರಿಗೆ. ಶಾನುಭೋಗರ ಪುಸ್ತಕ ಹೋಗಿ ಗ್ರಾಮಲೆಕ್ಕಿಗರ ಪುಸ್ತಕ ಬಂತು. ಅದೂ ಹೋಗಿ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯ ಕಂಪ್ಯೂಟರ್ ಬಂತು. ಬದುಕಿರುವಾಗ ಕಂಪ್ಯೂಟರನ್ನು ಕಣ್ಣಲ್ಲೂ ನೋಡದ ತಾತ, ಸತ್ತ ಮೇಲೆ ಅದರೊಳಕ್ಕೂ ಹೋಗಿ ಕೂತರು.

ಅಪ್ಪ ಹೋದ ಮೇಲೆ ಈ ವಿಷಯ ನನ್ನ ತಲೆಗೆ ಬಂತು. ಯಾರದೇ ಆಗಲಿ, ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ ನಮ್ಮ ಕಡೆ 'ಪೌತಿ ಖಾತೆ' ಅಂತಾರೆ. ಪೌತಿ ಅನ್ನುವುದು ಸಾವು ಎಂಬ ಅರ್ಥದ ಅರಬ್ಬಿ ಮಾತು, ಪಾರಸಿಯ ಮೂಲಕ ನಮ್ಮ ಕಂದಾಯದ ಕಡತಕ್ಕೆ ಬಂದಿದ್ದು. ವಾರಸು, ಜಮಾಬಂದಿ, ತಹಶೀಲ್ದಾರ್ ಎಲ್ಲ ಅದೇ ದಾರಿಯಲ್ಲಿ ಬಂದ ಮಾತುಗಳು. ಪೌತಿ ಮಾಡಿಸಬೇಕಾದರೆ ಮರಣ ಪತ್ರ ಬೇಕು, ಜೊತೆಗೆ ವಂಶವೃಕ್ಷ ಬೇಕು.

ವಂಶವೃಕ್ಷ ಬರೆಯುವ ಕೆಲಸ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ವಹಿಸಿಕೊಂಡಿದ್ದ. ನೀಟಾಗಿ ಬರೆದಿದ್ದ. ಮೇಲೆ ತಾತ, ಅಜ್ಜಿ. ಕೆಳಗೆ ಎರಡು ಗೆರೆ. ಒಂದರ ಕೆಳಗೆ ದೊಡ್ಡಪ್ಪ, ಅವನು. ಇನ್ನೊಂದರ ಕೆಳಗೆ ಅಪ್ಪ, ನಾನು.

"ಅಣ್ಣ, ಅತ್ತೆ ಎಲ್ಲಿ?" ಅಂದೆ.

"ಅತ್ತೇನ್ಯಾಕ್ ಸೇರ್ಸ್ಬೇಕು? ಕೊಟ್ಟ್ ಹೆಣ್ಣು. ಅವ್ರ ಹೆಸ್ರು ಅವ್ರ ಗಂಡನ್ ಮನೆ ವಂಶವೃಕ್ಷದಲ್ ಇರ್ತದೆ," ಅಂದ. ನಾನು ಸುಮ್ಮನೆ ನಿಂತಿದ್ದು ನೋಡಿ, "ಸೇರ್ಸ್ಲೇಬೇಕು ಅಂದ್ರೆ ಒಂದ್ ಖುಲಾಸೆ ಪತ್ರ ಬರ್ಸ್ಕೊಂಬುಡಾಣ. ಅತ್ತೆ ಏನ್ ಬ್ಯಾಡ ಅಂತಾರಾ?" ಅಂತ ಸೇರಿಸಿದ.

ಅತ್ತೆ ಬೇಡ ಅನ್ನುವುದಿಲ್ಲ ಅಂತ ನನಗೂ ಗೊತ್ತಿತ್ತು. ಅದೇ ನನಗೆ ಕಿರಿಕಿರಿಯಾಗಿದ್ದು.

ಅವತ್ತು ಮಧ್ಯಾಹ್ನ ಒಬ್ಬನೇ ಬೆಟ್ಟ ಹತ್ತಿದೆ. ನೋಡಿಲ್ಲದವರಿಗೆ ಹೇಳುತ್ತೇನೆ, ಹುತ್ರಿದುರ್ಗ ಮಾಗಡಿ-ಕುಣಿಗಲ್ ನಡುವಿನ ಕಲ್ಲುಬೆಟ್ಟ. ಸಂತೆಪೇಟೆ ಕಡೆಯಿಂದ ಹತ್ತಿದರೆ ಒಂದರ ಮೇಲೊಂದು ಕೋಟೆ ಬಾಗಿಲು ಸಿಗುತ್ತವೆ, ತುದಿಯಲ್ಲಿ ಶಂಕರೇಶ್ವರನ ಗುಡಿ. ಕೆಂಪೇಗೌಡರ ಕೋಟೆ ಇದು. ಅವರ ಮನೆತನದಲ್ಲಿ ಅಪ್ಪನಿಂದ ಮಗನಿಗೆ ಅಂತ ಬಂದು, 1728ರಲ್ಲಿ ಮಾಗಡಿ ಮೈಸೂರಿನವರ ಕೈಸೇರಿ, ಕೊನೆಯ ಕೆಂಪೇಗೌಡರು ಶ್ರೀರಂಗಪಟ್ಟಣದಲ್ಲಿ ಸೆರೆಯಾದರು. ಆಮೇಲೆ ಹೈದರ್, ಟಿಪ್ಪು. 1791ರ ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು, ಮೂರೇ ದಿನಕ್ಕೆ, 24ಕ್ಕೆ, ಹುತ್ರಿದುರ್ಗವೂ ಇಂಗ್ಲಿಷರ ಪಾಲಾಯಿತು. ಅವರು ಇದನ್ನು 'ಊಟ್ರದ್ರೂಗ್' ಅಂತೆಲ್ಲ ಬರೆದಿಟ್ಟಿದ್ದಾರೆ, ಪಾಪ ನಾಲಿಗೆ ಹೊರಳಲಿಲ್ಲ :) ಕೋಟೆಯ ವಾರಸುದಾರಿಕೆ ಹೀಗೆ ಕತ್ತಿಯಿಂದ ತೀರ್ಮಾನವಾಗುತ್ತಿತ್ತು. ಆ ಕತ್ತಿಗೆ ಸಿಕ್ಕಿ ಸತ್ತ ಸಾಮಾನ್ಯರ ಕಥೆಯೇನು?

ಅದಕ್ಕೂ ನಮ್ಮ ಕಡೆ ಒಂದು ಪದ್ಧತಿ ಇತ್ತು. ಕಾಳಗದಲ್ಲೋ, ಊರ ದನ ಬಿಡಿಸಿಕೊಂಡು ಬರುವಾಗಲೋ ಒಬ್ಬ ಸತ್ತರೆ, ಅವನ ಮನೆಯವರಿಗೆ ಒಂದಿಷ್ಟು ಭೂಮಿ ಬಿಡುತ್ತಿದ್ದರು. ಹಳೆಯ ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಒಂದು ಸಾವಾಯಿತು, ಇನ್ನು ಈ ಭೂಮಿ ಇಂಥವರದು ಅಂತ ಊರೆದುರು ಕಲ್ಲಿನಲ್ಲಿ ಬರೆಸಿ ನಿಲ್ಲಿಸುತ್ತಿದ್ದರು. ಬೆಟ್ಟದ ಮೇಲೆ ಕೂತು ಕೆಳಗೆ ನಮ್ಮ ಹೊಲ ಯಾವುದು ಅಂತ ಹುಡುಕುತ್ತಿದ್ದಾಗ ಇದೇ ನೆನಪಾಯಿತು. ಅವರು ಕಲ್ಲಿನಲ್ಲಿ ಬರೆಸಿದರು. ನಾವು ನಲವತ್ತು ವರ್ಷದಿಂದ ಒಂದು ಹಾಳೆಯಲ್ಲೂ ಬರೆಸಲಿಲ್ಲ. ಯಾಕೆ?

ಸೋಮಾರಿತನ ಅಂತ ಹೇಳಿ ಮುಗಿಸಬಹುದು. ಆದರೆ ಊರಲ್ಲಿ ವಿಚಾರಿಸಿ ನೋಡಿ, ಪ್ರತಿ ಮನೆಯಲ್ಲೂ ಇದೇ ಕಥೆ. 2025ರಲ್ಲಿ ಕಂದಾಯ ಇಲಾಖೆ 'ಇ-ಪೌತಿ' ಅಂತ ಆಂದೋಲನವನ್ನೇ ಮಾಡಬೇಕಾಯಿತು ಅಂದರೆ, ರಾಜ್ಯದ ತುಂಬ ಸತ್ತವರೇ ಖಾತೆದಾರರು ಅಂತಾಯಿತು. ಇಷ್ಟು ಜನ ಒಟ್ಟಿಗೆ ಸೋಮಾರಿಗಳಾಗುವುದಕ್ಕೆ ಸಾಧ್ಯವಿಲ್ಲ. ಬೇರೆ ಏನೋ ಕಾರಣ ಇರಬೇಕು.

ಆ ಕಾರಣ ಹುಡುಕುತ್ತಾ ಹೋದರೆ ನಾವು ಒಂಬೈನೂರು ವರ್ಷ ಹಿಂದಕ್ಕೆ, ಇಲ್ಲಿಂದ ದೂರದ ಕಲ್ಯಾಣಕ್ಕೆ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗಬೇಕಾಗುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ (1076-1126) ಆಳುತ್ತಿದ್ದ ಕಾಲ. ಅಲ್ಲಿ ವಿಜ್ಞಾನೇಶ್ವರ ಅನ್ನುವ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಅಂತ ಒಂದು ವ್ಯಾಖ್ಯಾನ ಬರೆದ. ಹೆಸರಿನ ಅರ್ಥ 'ಅಳೆದ ಅಕ್ಷರ', ಅಂದರೆ ಚಿಕ್ಕದು. ಆದರೆ ಅದರ ಪ್ರಭಾವ ಚಿಕ್ಕದಲ್ಲ. ಬಂಗಾಳದ ಕಡೆ ಬಿಟ್ಟರೆ ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಈ ಪುಸ್ತಕದ ಮೇಲೆ ನಡೆಯಿತು. 1810ರಲ್ಲಿ ಕೋಲ್‌ಬ್ರೂಕ್ ಅನ್ನುವವರು ಇದರ ದಾಯದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲಂತೂ ಕೋರ್ಟುಗಳಿಗೆ ಇದೇ ಆಧಾರವಾಯಿತು. ನಮ್ಮ ನೆಲದಲ್ಲಿ ಬರೆದ ಪುಸ್ತಕ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ನಮಗೆ ಮಾತ್ರ ಅವನ ಹೆಸರೇ ಸರಿಯಾಗಿ ಗೊತ್ತಿಲ್ಲ.

ವಿಜ್ಞಾನೇಶ್ವರ ಹಾಕಿದ ಮುಖ್ಯ ಪ್ರಶ್ನೆ ಇದು: ಅಪ್ಪನ ಆಸ್ತಿ ಮಗನಿಗೆ ಯಾವಾಗ ಬರುತ್ತದೆ? ಅಪ್ಪ ಸತ್ತಾಗ ಅಂತ ನಾವು ಹೇಳುತ್ತೇವೆ. ಬಂಗಾಳದಲ್ಲಿ ಜೀಮೂತವಾಹನ ತನ್ನ 'ದಾಯಭಾಗ'ದಲ್ಲಿ ಹಾಗೇ ಹೇಳಿದ. ವಿಜ್ಞಾನೇಶ್ವರ ಒಪ್ಪಲಿಲ್ಲ. ಅವನ ಪ್ರಕಾರ ಮಗ ಹುಟ್ಟಿದ ಕ್ಷಣದಲ್ಲೇ ಪಿತ್ರಾರ್ಜಿತದಲ್ಲಿ ಅವನ ಹಕ್ಕೂ ಹುಟ್ಟುತ್ತದೆ. ಅಪ್ಪ ಸತ್ತಾಗ ಹೊಸದಾಗಿ ಏನೂ ಬರುವುದಿಲ್ಲ, ಇದ್ದ ಹಕ್ಕು ಮುಂದುವರಿಯುತ್ತದೆ ಅಷ್ಟೆ.

ನಮ್ಮ ತಾತ ಕಂಪ್ಯೂಟರಿನಲ್ಲಿ ಯಾಕೆ ಕೂತಿದ್ದಾರೆ ಅನ್ನುವುದಕ್ಕೆ ಉತ್ತರ ಇಲ್ಲೇ ಸಿಕ್ಕಿತು ಅನ್ನಿಸಿತು. ಹುಟ್ಟಿನಿಂದಲೇ ನನ್ನದು ಅಂದುಕೊಂಡವನಿಗೆ ಸಾವಿನ ಕಾಗದದ ಅವಸರ ಏನಿದೆ? 1863ರಲ್ಲಿ ಮೈಸೂರಿನಲ್ಲಿ ಸರ್ವೆ ಇಲಾಖೆ ಶುರುವಾಗಿ, ಆಮೇಲೆ ಜಮೀನು ಅಳೆದು ನಂಬರು ಹಾಕಿ ಖಾತೆ ಬರೆದಾಗ ಮನೆಯ ಯಜಮಾನನ ಹೆಸರು ಬರೆದುಕೊಂಡರು. ಮನೆಯವರ ದೃಷ್ಟಿಯಲ್ಲಿ ಅದು ಒಬ್ಬನ ಹೆಸರಲ್ಲ, ಮನೆಯ ಹೆಸರು. ಯಜಮಾನ ಸತ್ತರೂ ಮನೆ ಇದೆಯಲ್ಲ. ಗಂಡುಮಕ್ಕಳು ಉಳುತ್ತಿದ್ದಾರಲ್ಲ. ನಡೀತದೆ ಬಿಡು!

ಗಂಡುಮಕ್ಕಳಿಗೆ ನಡೆಯುತ್ತದೆ. ಹೆಣ್ಣುಮಕ್ಕಳಿಗೆ?

ಮಿತಾಕ್ಷರಾ ಅಂದರೆ ಹೆಣ್ಣಿಗೆ ಏನೂ ಇಲ್ಲ ಅಂತ ಹೇಳುವ ಪುಸ್ತಕ ಅಂತ ನಾನೂ ತಿಳಿದುಕೊಂಡಿದ್ದೆ. ಹಾಗಿಲ್ಲ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ಕಾಲುಭಾಗ ಕೊಡಬೇಕು ಅಂತ ಸ್ಮೃತಿಯಲ್ಲಿತ್ತು. ಮದುವೆ ಖರ್ಚಿಗೆ ಸಾಕಾಗುವಷ್ಟು ಕೊಟ್ಟರೆ ಆಯಿತು ಅಂತ ಕೆಲವರು ಅರ್ಥ ಮಾಡಿದ್ದರು. ವಿಜ್ಞಾನೇಶ್ವರ ಅದನ್ನು ತಳ್ಳಿಹಾಕಿದ. ಅದು ಖರ್ಚಲ್ಲ, ಪಾಲು, ಅಪ್ಪನ ನಂತರ ಮಗಳೂ ಭಾಗಸ್ಥಳೇ ಅಂದ. ಬರೀ ಹೇಳಿ ಬಿಡಲಿಲ್ಲ, ಲೆಕ್ಕ ಹಾಕಿ ತೋರಿಸಿದ. ಅವನು ಕೊಟ್ಟ ಉದಾಹರಣೆಗಳಲ್ಲಿ ಒಂದು: ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಆಸ್ತಿಯನ್ನು ಮೂರು ಮಾಡು. ಅದರಲ್ಲಿ ಒಂದನ್ನು ನಾಲ್ಕು ಮಾಡು. ಆ ನಾಲ್ಕರಲ್ಲಿ ಒಂದು ಮಗಳಿಗೆ. ಉಳಿದಿದ್ದು ಗಂಡುಮಕ್ಕಳಿಗೆ ಸಮ.

ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು! ಅದು ನಮ್ಮ ತಾತನ ಮನೆಯೇ ಅಲ್ಲವೇ. ಪೆನ್ನು ತೆಗೆದುಕೊಂಡು ಅಣ್ಣ ಬರೆದ ವಂಶವೃಕ್ಷದ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಎರಡು ಎಕರೆ ಹತ್ತು ಗುಂಟೆ ಅಂದರೆ ತೊಂಬತ್ತು ಗುಂಟೆ. ಮೂರು ಮಾಡಿದರೆ ಮೂವತ್ತು. ಅದರ ಕಾಲುಭಾಗ ಏಳೂವರೆ. ಒಂಬೈನೂರು ವರ್ಷದ ಹಿಂದೆ, ಕಲ್ಯಾಣದಲ್ಲಿ, ನಮ್ಮತ್ತೆಗೆ ಮದುವೆಗೆ ಮುಂಚೆ ಏಳೂವರೆ ಗುಂಟೆ ಇತ್ತು.

ಅಷ್ಟೇ ಅಲ್ಲ. ಹೆಣ್ಣಿಗೆ ವಾರಸಿನಿಂದ ಬಂದಿದ್ದು, ಕೊಂಡಿದ್ದು, ಪಾಲಿನಲ್ಲಿ ಬಂದಿದ್ದು ಎಲ್ಲವೂ ಅವಳ ಸ್ತ್ರೀಧನವೇ ಅಂತಲೂ ಅವನು ಹೇಳಿದ್ದ. ಅದನ್ನು ಮೊಟಕು ಮಾಡಿದ್ದು ಯಾರು ಗೊತ್ತೇ? ಇಂಗ್ಲಿಷರ ಕಾಲದ ಪ್ರಿವಿ ಕೌನ್ಸಿಲ್. ವಾರಸಿನಿಂದ ಹೆಣ್ಣಿಗೆ ಬಂದ ಆಸ್ತಿಯನ್ನು ಅವಳು ಬದುಕಿರುವ ತನಕ ಅನುಭವಿಸಬಹುದು, ಸಾಮಾನ್ಯವಾಗಿ ಮಾರುವ ಹಾಗಿಲ್ಲ, ಅವಳ ನಂತರ ಗಂಡಸಿನ ಕಡೆಯವರಿಗೇ ವಾಪಸ್ಸು ಅಂತ ತೀರ್ಪುಗಳು ಬಂದವು. ಹಳೆಯದೆಲ್ಲ ಕೆಟ್ಟದ್ದು, ಆಮೇಲೆ ಬಂದಿದ್ದೆಲ್ಲ ಒಳ್ಳೆಯದು ಅನ್ನುವ ನೇರ ಗೆರೆ ಇಲ್ಲಿ ಸಿಗುವುದಿಲ್ಲ.

(ಮಂಗಳೂರು, ಉಡುಪಿ ಕಡೆಯ ಗೆಳೆಯರು ಇಷ್ಟೊತ್ತಿಗೆ ನಗುತ್ತಿರಬಹುದು. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಲೆಕ್ಕ ತಾಯಿಯಿಂದಲೇ ಶುರು. ಅಲ್ಲಿ ಅತ್ತೆಯ ಹೆಸರಿಲ್ಲದ ವಂಶವೃಕ್ಷ ಬರೆಯುವುದಕ್ಕೇ ಬರುವುದಿಲ್ಲ. ಘಟ್ಟ ಹತ್ತಿದರೆ ವಂಶದ ಮರದ ಅರ್ಧ ಕೊಂಬೆ ಮಾಯ!)

ಮುಂದೆ ನಮ್ಮ ಮೈಸೂರು ಸಂಸ್ಥಾನದ ಕಥೆ. ಇಲ್ಲಿ 1933ರಲ್ಲಿ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಬಗ್ಗೆ ಒಂದು ಕಾಯಿದೆ ಬಂತು, ಆ ವರ್ಷದ ಹತ್ತನೆಯ ಕಾಯಿದೆ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿ ಹಕ್ಕು ಕೊಡುವ ಕಾಯಿದೆ ಬಂದಿದ್ದು 1937ರಲ್ಲಿ, ಅಂದರೆ ನಾವು ನಾಲ್ಕು ವರ್ಷ ಮುಂದಿದ್ದೆವು. ಮೈಸೂರಿನ ಕಾಯಿದೆ ಪ್ರಕಾರ ಅಪ್ಪ ಮತ್ತು ಗಂಡುಮಕ್ಕಳ ನಡುವೆ ಪಾಲಾದರೆ ಮದುವೆಯಾಗದ ಮಗಳಿಗೂ ಪಾಲು ಇತ್ತು. ಎಷ್ಟು? ಅಣ್ಣನ ಪಾಲಿನ ಕಾಲುಭಾಗ. ವಿಜ್ಞಾನೇಶ್ವರನ ಅದೇ ಕಾಲು!

ಅತ್ತೆ ಹುಟ್ಟಿದ್ದು 1949ರಲ್ಲಿ. ಅವರು ಚಿಕ್ಕವರಿದ್ದಾಗ, 1956ಕ್ಕೆ ಮುಂಚೆ ತಾತ ಪಾಲು ಮಾಡಿದ್ದರೆ? ತಾತನಿಗೆ ಒಂದು, ಇಬ್ಬರು ಗಂಡುಮಕ್ಕಳಿಗೆ ಒಂದೊಂದು, ಅತ್ತೆಗೆ ಕಾಲು. ತೊಂಬತ್ತನ್ನು ಮೂರೂಕಾಲರಿಂದ ಭಾಗಿಸಿ ನೋಡಿದೆ. ಅತ್ತೆಗೆ ಸುಮಾರು ಏಳು ಗುಂಟೆ. ಎಂಟು ಶತಮಾನದಲ್ಲಿ ಅರ್ಧ ಗುಂಟೆ ಕಡಿಮೆಯಾಗಿದೆ ಅಷ್ಟೆ. ತಾತ ಪಾಲು ಮಾಡಲಿಲ್ಲ, ಆದ್ದರಿಂದ ಆ ಏಳೂ ಇಲ್ಲ.

ಸ್ವಾತಂತ್ರ್ಯ ಬರುವ ಹೊತ್ತಿಗೆ ಇಡೀ ದೇಶಕ್ಕೆ ಒಂದೇ ಹಿಂದೂ ಸಂಹಿತೆ ಮಾಡುವ ಕೆಲಸ ನಡೆದಿತ್ತು. ಅದರ ಕರಡು ಮಾಡಿದ ಸಮಿತಿಯ ಅಧ್ಯಕ್ಷರು ನಮ್ಮ ಮಂಗಳೂರಿನವರೇ ಆದ ಬೆನಗಲ್ ನರಸಿಂಗ ರಾವ್. ಅದನ್ನು ಸಂಸತ್ತಿನಲ್ಲಿ ದಾಟಿಸುವುದಕ್ಕೆ ಹೋರಾಡಿದವರು ಅಂಬೇಡ್ಕರ್. ಆಗಲಿಲ್ಲ. ಅದೇ ಬೇಸರದಲ್ಲಿ 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಆಮೇಲೆ ಅದನ್ನೇ ತುಂಡು ತುಂಡಾಗಿ ತಂದರು. 1956ರ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂತು. ಹೆಣ್ಣಿಗೆ ಬಂದ ಆಸ್ತಿ ಪೂರ್ತಿ ಅವಳದೇ ಆಯಿತು. ಆದರೆ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಮಗಳಿಗೆ ಸಿಕ್ಕಿದ್ದು ಅಪ್ಪನ ಪಾಲಿನಲ್ಲಿ ಪಾಲು, ಅದೂ ಅವನು ಸತ್ತ ಮೇಲೆ.

1983ರಲ್ಲಿ ತಾತ ಸತ್ತಾಗ ಇದ್ದಿದ್ದು ಈ ಕಾನೂನು. ಅಜ್ಜಿ ಅದಕ್ಕಿಂತ ಮುಂಚೆಯೇ ಹೋಗಿದ್ದರು. ತಾತ ಸಾಯುವ ಮುಂಚಿನ ಕ್ಷಣ ಪಾಲಾಗಿತ್ತು ಅಂತ ಅಂದುಕೊಳ್ಳಬೇಕಂತೆ. ತಾತ, ದೊಡ್ಡಪ್ಪ, ಅಪ್ಪ ತಲಾ ಮೂವತ್ತು. ತಾತನ ಮೂವತ್ತನ್ನು ಮೂರು ಮಕ್ಕಳಿಗೂ ಸಮ ಹಂಚಿದರೆ ತಲಾ ಹತ್ತು. ದೊಡ್ಡಪ್ಪ ನಲವತ್ತು, ಅಪ್ಪ ನಲವತ್ತು, ಅತ್ತೆ ಹತ್ತು. ಹತ್ತು ಗುಂಟೆ ಅವರಿಗೆ ಅವತ್ತೇ ಬಂದಿತ್ತು. ಯಾರೂ ಹೇಳಲಿಲ್ಲ.

1994ರ ಜುಲೈ 30ರಿಂದ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು. ಆಂಧ್ರ, ತಮಿಳುನಾಡು ಆಗಲೇ ಮಾಡಿದ್ದವು. ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕು ಅಂದರು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಅಂತಲೂ ಬರೆದರು. ಅತ್ತೆಯ ಮದುವೆ 1968ರಲ್ಲಿ. ಹತ್ತು ಹತ್ತೇ ಉಳಿಯಿತು.

2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ. ಅದರಲ್ಲಿ ಮದುವೆಯ ಷರತ್ತು ಇಲ್ಲ. ಆದರೆ ಇನ್ನೊಂದು ತಕರಾರು ಎದ್ದಿತು: ಅವತ್ತಿಗೆ ಅಪ್ಪ ಬದುಕಿರಬೇಕೇ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿದ್ದರಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳ ಪಾತ್ರ ದೊಡ್ಡದು. ಬೆಳಗಾವಿಯಲ್ಲಿ 1992ರಲ್ಲಿ ಶುರುವಾದ ಒಂದು ಪಾಲಿನ ದಾವೆ 'ಪ್ರಕಾಶ್ ವಿರುದ್ಧ ಫುಲವತಿ' ಅಂತ 2015ರಲ್ಲಿ ತೀರ್ಮಾನವಾಯಿತು. ಅಪ್ಪ ಬದುಕಿರಬೇಕು ಅಂದಿತು ಕೋರ್ಟು. ಕರ್ನಾಟಕದ್ದೇ ಆದ 'ದಾನಮ್ಮ' ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ 2018ರಲ್ಲಿ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡು ತೀರ್ಪು ಎರಡು ಕಡೆ ಎಳೆದವು. ಕೊನೆಗೆ 2020ರ ಆಗಸ್ಟ್ 11ರಂದು 'ವಿನೀತಾ ಶರ್ಮಾ' ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬರುವುದು, ಆದ್ದರಿಂದ 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಅನ್ನುವುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ವಿಜ್ಞಾನೇಶ್ವರನ 'ಹುಟ್ಟಿನಿಂದ ಹಕ್ಕು' ಅನ್ನುವ ಮಾತು ಒಂಬೈನೂರು ವರ್ಷ ಗಂಡುಮಕ್ಕಳಿಗೆ ಮಾತ್ರ ಕೆಲಸ ಮಾಡಿತ್ತು. ಈಗ ಅದೇ ಮಾತು ಹೆಣ್ಣುಮಕ್ಕಳ ಕೈಗೆ ಬಂತು. ನಮ್ಮಲ್ಲಿ ಬಾಯಿಮಾತಿನ ಪಾಲೂ ಆಗಿಲ್ಲ, ಕಾಗದದ ಪಾಲೂ ಆಗಿಲ್ಲ. ಮೂರು ಮಕ್ಕಳು, ಮೂರು ಪಾಲು. ಅತ್ತೆಗೆ ಮೂವತ್ತು ಗುಂಟೆ.

ಏಳೂವರೆ, ಏಳು, ಹತ್ತು, ಹತ್ತು, ಮೂವತ್ತು. ಇದು ಕಾನೂನಿನ ಪುಸ್ತಕದಲ್ಲಿ. ನಮ್ಮಣ್ಣನ ವಂಶವೃಕ್ಷದಲ್ಲಿ ಮಾತ್ರ ಅತ್ತೆಯ ಲೆಕ್ಕ ಅವತ್ತೂ ಸೊನ್ನೆ, ಇವತ್ತೂ ಸೊನ್ನೆ.

ನನಗೆ ಹೊಳೆದಿದ್ದು ಇಷ್ಟು. ಗಂಡುಮಕ್ಕಳಿಗೆ ಆಸ್ತಿ ಹುಟ್ಟಿನ ಬಾಗಿಲಿನಿಂದ ಬಂತು. ಹೆಣ್ಣುಮಕ್ಕಳಿಗೆ ಬಹಳ ಕಾಲ ಇದ್ದಿದ್ದು ಒಂದೇ ಬಾಗಿಲು, ಸಾವಿನ ಬಾಗಿಲು. ಅಪ್ಪ ಸತ್ತಾಗ ಯಾರು ಯಾರು ವಾರಸುದಾರರು ಅಂತ ಕೂತು ಬರೆದರೆ ಮಾತ್ರ ಅವರ ಹೆಸರು ಬರಬೇಕು. ಹಾಗಾದರೆ ಪೌತಿ ಮಾಡಿಸದೆ ನಲವತ್ತು ವರ್ಷ ಸುಮ್ಮನಿದ್ದರೆ ನಷ್ಟ ಯಾರಿಗೆ? ಉಳುತ್ತಿದ್ದ ದೊಡ್ಡಪ್ಪನಿಗಲ್ಲ, ಅಪ್ಪನಿಗೂ ಅಲ್ಲ. ತಾತನ ಹೆಸರು ಪಹಣಿಯಲ್ಲಿ ಉಳಿದಿದ್ದು ತಾತನ ಮೇಲಿನ ಪ್ರೀತಿಯಿಂದ ಅಂತ ನಾವು ಹೇಳಿಕೊಳ್ಳುತ್ತಿದ್ದೆವು. ಆ ಪ್ರೀತಿಯ ಖರ್ಚು ಅತ್ತೆಯ ಲೆಕ್ಕದಿಂದ ಹೋಗುತ್ತಿತ್ತು.

ಇದೇ ದಾರಿಯಲ್ಲಿರುವವರಿಗೆ ಉಪಯೋಗವಾಗಲಿ ಅಂತ ಮೂರು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು, ಪೌತಿ ಖಾತೆ ಆದ ತಕ್ಷಣ ಮಾಲೀಕತನ ಬಂದುಬಿಡುವುದಿಲ್ಲ, ಬಿಟ್ಟುಹೋದವರ ಹಕ್ಕೂ ಅದರಿಂದ ಹೋಗುವುದಿಲ್ಲ. ಅದು ಕಂದಾಯದ ದಾಖಲೆ. ಅರ್ಜಿ ಕೊಟ್ಟ ಮೇಲೆ ನೋಟೀಸು ಹೊರಡುತ್ತದೆ, ತಕರಾರಿಗೆ ಮೂವತ್ತು ದಿನ ಇರುತ್ತದೆ. ಎರಡು, ಜಮೀನಿನ ಹಕ್ಕು ಬಿಟ್ಟುಕೊಡುವ ಖುಲಾಸೆ ಪತ್ರ ರಿಜಿಸ್ಟರ್ ಆಗಲೇಬೇಕು. ಬಿಳಿ ಹಾಳೆಯಲ್ಲಿ ಹಾಕಿಸಿಕೊಂಡ ಸಹಿಯಿಂದ ಹಕ್ಕು ಬಿಟ್ಟ ಹಾಗಾಗುವುದಿಲ್ಲ. ಮೂರು, ಉಯಿಲು. ಇದು ಇಂಗ್ಲಿಷಿನ 'ವಿಲ್' ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಅಷ್ಟು ನಮ್ಮದಾಗಿದೆ. ಅದಕ್ಕೆ ಸ್ಟಾಂಪು ಬೇಡ, ರಿಜಿಸ್ಟರ್ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನಷ್ಟೇ ಉಯಿಲು ಬರೆಯಬಹುದು, ಬೇರೆಯವರ ಪಾಲನ್ನಲ್ಲ.

ಸರಿ, ಅತ್ತೆಯ ಹತ್ತಿರ ಹೋದೆ. ಮಾಗಡಿ ಕಡೆಯ ಊರು. ಅಣ್ಣ ಬರೆಸಿಕೊಟ್ಟಿದ್ದ ಖುಲಾಸೆ ಪತ್ರದ ಕರಡೂ ನನ್ನ ಬ್ಯಾಗಿನಲ್ಲಿತ್ತು. ಸುಳ್ಳು ಯಾಕೆ ಹೇಳಲಿ, ಅತ್ತೆ ಸಹಿ ಹಾಕಿದರೆ ನನಗೂ ನಲವತ್ತೈದು ಗುಂಟೆ, ಹಾಕದಿದ್ದರೆ ಮೂವತ್ತು. ದಾರಿಯುದ್ದಕ್ಕೂ ಈ ಹದಿನೈದು ಗುಂಟೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಕಾಗದ ತೆಗೆದಿದ್ದೇ ತಡ, ಅತ್ತೆ ಕನ್ನಡಕ ಹುಡುಕಿದರು.

"ಎಲ್ಗ್ ಹಾಕ್ಬೇಕ್ ಮಗ ಸೈನು?"

"ಓದೋದ್ ಬೇಡ್ವಾ ಅತ್ತೆ?"

"ಓದೋದೇನು. ನಮ್ಮಪ್ಪನ್ ತಿಥಿ ದಿನಾನೂ ಒಂದ್ ಬಿಳೀ ಹಾಳೇಗ್ ಹಾಕಿದ್ದೆ. ಎಲ್ಲಾರೂ ನನ್ ಸೈನ್ ಕೇಳ್ತಾರಪ್ಪ. ನನ್ ಹೆಸ್ರು ಮಾತ್ರ ಯಾರೂ ಬರ್ಯಲ್ಲ."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಕಾಗದ ವಾಪಸ್ ಮಡಿಚಿಟ್ಟು, ನನಗೆ ಗೊತ್ತಿದ್ದಷ್ಟು ಹೇಳಿದೆ. ಮೂವತ್ತು ಗುಂಟೆ ಅಂದಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದರು.

"ನಿಮ್ಮಪ್ಪಂಗೆ ಇದ್ ಗೊತ್ತಿತ್ತೇನ್ ಮಗ?"

ಗೊತ್ತಿತ್ತು. 2020ರಲ್ಲಿ ಆ ತೀರ್ಪು ಪೇಪರಿನಲ್ಲಿ ಬಂದಾಗ ಅಪ್ಪ ಅದನ್ನು ಎರಡು ಸಲ ಓದಿ, ಪೇಪರು ಮಡಿಚಿ ದಿಂಬಿನ ಕೆಳಗಿಟ್ಟಿದ್ದರು. ನಾನು ನೋಡಿದ್ದೆ. ನಾನೂ ಓದಿದ್ದೆ. ಇಬ್ಬರೂ ಆ ವಿಷಯ ಮಾತಾಡಲಿಲ್ಲ. ಅತ್ತೆಗೆ ಇದನ್ನೆಲ್ಲ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ. "ಬುಡು, ಊಟ ಮಾಡೇಳು," ಅಂದರು.

ಹೊರಡುವಾಗ ಬಾಗಿಲ ತನಕ ಬಂದು ಹೇಳಿದರು: "ಗುಂಟೆ ಮಾತು ಆಮೇಕ್ ನೋಡಾಣ. ಮೊದ್ಲು ಹೆಸ್ರು ಬರ್ಸು. ನಾನ್ ಅವ್ರ ಮಗಳು ಅಂತ ಒಂದ್ ಕಡೇನಾರ ಇರ್ಲಿ."

ವಂಶವೃಕ್ಷ ಹೊಸದಾಗಿ ಬರೆಸಿದೆವು. ಮೇಲೆ ತಾತ, ಅಜ್ಜಿ. ಕೆಳಗೆ ಮೂರು ಗೆರೆ. ನೋಟೀಸಿನ ಮೂವತ್ತು ದಿನ ಕಳೆಯಿತು, ತಕರಾರು ಬರಲಿಲ್ಲ. ಅಣ್ಣ ತಕರಾರು ಹಾಕಲಿಲ್ಲ, ಆದರೆ ನನ್ನ ಜೊತೆ ಮಾತೂ ಬಿಟ್ಟ. ಈ ಸಲ ಹಬ್ಬಕ್ಕೆ ಕರೆಯಲೂ ಇಲ್ಲ. 'ದಾಯಾದಿ' ಅಂದರೆ ಮೂಲದಲ್ಲಿ ದಾಯವನ್ನು, ಅಂದರೆ ಪಾಲನ್ನು, ಪಡೆಯುವವನು ಅಂತ ಅಷ್ಟೇ ಅರ್ಥ. ಕನ್ನಡದಲ್ಲಿ ಅದು ಹಗೆಯವನು ಅನ್ನುವ ಹಾಗೆ ಯಾಕಾಯಿತು ಅಂತ ಯಾರೂ ನನಗೆ ಇನ್ನು ಹೇಳಿಕೊಡಬೇಕಾಗಿಲ್ಲ.

ಈಗ ಪಹಣಿಯಲ್ಲಿ ತಾತನ ಹೆಸರಿಲ್ಲ. ಅಣ್ಣನ ಹೆಸರಿದೆ, ನನ್ನದಿದೆ, ಅತ್ತೆಯದಿದೆ, ಜಂಟಿಯಾಗಿ. ಗುಂಟೆಗಳು ಇನ್ನೂ ಪಾಲಾಗಿಲ್ಲ. ಅತ್ತೆ ಏನು ತೀರ್ಮಾನ ಮಾಡುತ್ತಾರೋ ಗೊತ್ತಿಲ್ಲ, ಅದು ಅವರಿಗೆ ಬಿಟ್ಟಿದ್ದು. ಪಹಣಿಯ ಪ್ರತಿ ತೆಗೆದುಕೊಂಡು ಹೋಗಿ ಕೊಟ್ಟಾಗ ಅದನ್ನು ಮೊಮ್ಮಗನ ಕೈಗೆ ಕೊಟ್ಟು ಓದು ಅಂದರು. ಅವನು ಸರ್ವೆ ನಂಬರಿನಿಂದ ಶುರು ಮಾಡಿದ. "ಅದಲ್ಲ ಕಣೋ, ಹೆಸ್ರು ಓದು," ಅಂದರು. ಅವನು ಓದಿದ. ಇನ್ನೊಂದು ಸಲ ಓದು ಅಂದರು.

ನಿಮ್ಮ ಮನೆಯ ಪಹಣಿ ಯಾರ ಹೆಸರಿನಲ್ಲಿದೆ? ಬಿಡುವಾದಾಗ ಒಮ್ಮೆ ತೆಗೆಸಿ ನೋಡಿ. ನಿಮ್ಮ ವಂಶವೃಕ್ಷದಲ್ಲಿ ಎಷ್ಟು ಗೆರೆ ಇವೆ ಅಂತಲೂ ಎಣಿಸಿ. ಕಡಿಮೆ ಬಂದರೆ, ಬಿಟ್ಟುಹೋದವರ ಮನೆಗೆ ಹೋಗಿ ಊಟ ಮಾಡಿ ಬನ್ನಿ. ಕಾಗದ ಆಮೇಲೆ.